ಅಂಗಿಯೊಳಗಿನ ಕಿವಿ

ಅಂಗಳದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ನಿಮಿಯಾ ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. ಮೂರನೆಯ ಗೆಣಸಿಗೆ ಚಾಕು ಹಾಕಿ, ಕಂದು ತೊಗಟೆಯ ಕೆಳಗಿನ ನಸುಗೆಂಪು ಪದರಕ್ಕೆ ಹೆಬ್ಬೆರಳು ಸಿಕ್ಕಿಸಿ ಎಳೆಯುವಷ್ಟರಲ್ಲಿ ಕಿಟಕಿಯ ದಂಡೆಯ ಮೇಲಿಟ್ಟಿದ್ದ ಫೋನು ನಡುಗಿತು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎತ್ತಿದರೆ ಡಾಕ್ಟರ್ ಪೆರ್ಲಾ.

"ಎದ್ದಿದ್ದೀರಾ ಮಮ್ಮಿ? ಸಮಾರಂಭಕ್ಕೆ ಹನ್ನೊಂದಕ್ಕಲ್ಲ, ಒಂಬತ್ತೂವರೆಗೇ ಬಂದ್ಬಿಡಿ. ನಿಮಗೊಂದು ಉಡುಗೊರೆ ಇದೆ."

"ನನಗಾ ಡಾಕ್ಟ್ರೇ?"

"ನಿಮಗೂ ಮಾರಿಸೆಲ್‌ಗೂ. ಕಲಾ ವಿಭಾಗದ ಫಾವಿಯೊ ಇದ್ದಾರಲ್ಲ, ಹಳೇ ಧ್ವನಿಮುದ್ರಣ ಎಲ್ಲ ಜಾಲಾಡಿ ಮಾರಿಸೆಲ್ ಎರಡೂವರೆ ವರ್ಷದವಳಿದ್ದಾಗಿನ ಧ್ವನಿ ಹುಡುಕಿ ತೆಗೆದಿದ್ದಾರೆ. ಜೇಬಲ್ಲಿ ಯಂತ್ರ ಇಟ್ಟ ಅಂಗಿ ಹಾಕಿಸ್ತಿದ್ವಲ್ಲ, ಆಗಿನದು. ನಾನೇ ಇನ್ನೂ ಕೇಳಿಲ್ಲ, ಒಟ್ಟಿಗೆ ಕೇಳೋಣ. ಬಿಳೀ ಬ್ಲೌಸ್ ಹಾಕಿಸಿ, ಫೋಟೊ ತೆಗೆಯೋರು ಬರ್ತಾರೆ."

ಆಗಲಿ ಡಾಕ್ಟ್ರೇ ಎಂದಳು. ಡಾಕ್ಟರು ಎಂಟು ವರ್ಷದಿಂದ ಅವಳನ್ನು ಹೆಸರು ಹಿಡಿದು ಕರೆದಿಲ್ಲ. ಅವರಿಗೆ ಎಲ್ಲ ತಾಯಂದಿರೂ ಮಮ್ಮಿಯೇ. ಕೈಕೆಳಗೆ ಸಂಬಳಕ್ಕೆ ಸೇರಿದ ಮೇಲೂ ನಿಮಿಯಾ ಮಮ್ಮಿಯೇ. ಫೋನು ಇಟ್ಟ ಮೇಲೆ ಚಾಕು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ನೋಡಿದರೆ ಎಡಗೈಯಲ್ಲೇ ಇತ್ತು. ಎರಡೂವರೆ ವರ್ಷದ ಧ್ವನಿ. ಅದು ಇನ್ನೂ ಎಲ್ಲೋ ಒಂದು ಕಡೆ ಇದೆ ಎಂಬುದು ಅವಳಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಅಂಗಿಯನ್ನು ವಾಪಸು ಕೊಟ್ಟ ದಿನ ಅದರ ಜೇಬಿನಲ್ಲಿದ್ದುದೂ ಮುಗಿದುಹೋಯಿತು, ಒಗೆದು ಇನ್ನೊಂದು ಮಗುವಿಗೆ ತೊಡಿಸಿದರು ಎಂದೇ ಅಂದುಕೊಂಡಿದ್ದಳು. ಹೆಣ್ಣುಮಕ್ಕಳು ಹಾಗೆಯೇ ಅಂದುಕೊಳ್ಳುವುದು, ಒಗೆದರೆ ಹೋಗುತ್ತದೆ ಎಂದು.

"ಯಾರಮ್ಮ ಫೋನು?" ಒಳಗಿನಿಂದ ಮಾರಿಸೆಲ್ ಕೂಗಿದಳು.

"ಡಾಕ್ಟರಮ್ಮ. ಬೇಗ ಬರ್ಬೇಕಂತೆ."

"ಗೆಣಸು?"

"ಬಂದು ಬೇಯಿಸಿದ್ರಾಯ್ತು."

"ಕಪ್ಪಾಗಲ್ವಾ?"

"ನೀರಲ್ಲಿ ಮುಳುಗಿಸಿಟ್ರೆ ಆಗಲ್ಲ ಕಂದ."

"ಯಾಕೆ ಆಗಲ್ಲ?"

ಎಲ್ಲವನ್ನೂ ಕೇಳುವ ಹುಡುಗಿ. ಬ್ಯೂನಸ್ ಐರಿಸ್‌ನಲ್ಲಿ ಗೋಡೆ ಕಟ್ಟುವ ಅಪ್ಪ ವರ್ಷಕ್ಕೊಮ್ಮೆ ಬಂದಾಗ ಅವನಿಗೂ ಸುಸ್ತು ಹಿಡಿಸುವಷ್ಟು ಕೇಳುತ್ತಾಳೆ. ಒಂದನ್ನು ಮಾತ್ರ ಕೇಳಿಲ್ಲ. ಐದು ವರ್ಷದವಳಿದ್ದಾಗ ಒಮ್ಮೆ ಊಟದ ಹೊತ್ತಿನಲ್ಲಿ "ಅಮ್ಮ, ಅಜ್ಜಿ ಯಾಕೆ ನನ್ನ ಹತ್ರ" ಎಂದು ಶುರುಮಾಡಿದ್ದಳು. ನಿಮಿಯಾ ಸೂಪಿನ ಚಮಚವನ್ನು ಆ ಬಾಯಿಗೇ ಇಟ್ಟಿದ್ದಳು. ಮಗು ನುಂಗಿತು. ಚಮಚದ ಜೊತೆಗೆ ಮಾತನ್ನೂ ನುಂಗಿ ಒಳಗೆಲ್ಲೋ ಇಟ್ಟುಕೊಂಡಿತು. ಅದು ಅಲ್ಲೇ ಇದೆ, ಜೀರ್ಣವಾಗಿಲ್ಲ ಎಂಬುದು ಜಡೆ ಹಾಕುವಾಗ ಆ ಪುಟ್ಟ ಕುತ್ತಿಗೆ ಬಿಗಿಯಾಗುವುದರಲ್ಲಿ ನಿಮಿಯಾಗೆ ಗೊತ್ತಾಗುತ್ತದೆ. ಆ ಅಜ್ಜಿ, ನಿಮಿಯಾಳ ಅವ್ವ, ಸತ್ತು ನಾಲ್ಕು ವರ್ಷವಾಯಿತು. ಸತ್ತವರ ವಿಷಯ ಕೇಳಲು ಮಕ್ಕಳು ಹೆದರುತ್ತಾರೆ. ಆ ಹೆದರಿಕೆಯ ಆಸರೆಯಲ್ಲಿ ತಾನು ಬದುಕಿದ್ದೇನೆ ಎಂದು ನಿಮಿಯಾಗೆ ಎಷ್ಟೋ ಸಲ ಅನಿಸಿದೆ. ಹಾಗನಿಸಿದಾಗೆಲ್ಲ ಮಗಳಿಗೆ ಇನ್ನೊಂದು ತುಂಡು ಚೀಸ್ ಜಾಸ್ತಿ ಹಾಕುತ್ತಾಳೆ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಾರಿಸೆಲ್ ಬಿಳಿ ಬ್ಲೌಸು ಮುದುಡದಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಎರಡನೆಯ ನಿಲ್ದಾಣದಲ್ಲಿ ಚೀಪಾ ರೊಟ್ಟಿ ಮಾರುವ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಹತ್ತಿ, ಕಂಬಿಗೆ ಸೊಂಟ ಆನಿಸಿ ನಿಂತು ಹಳ್ಳಿಯವರ ಮಾತಾದ ಗ್ವಾರಾನಿಯಲ್ಲಿ ಕೂಗಿದಳು.

"ಬಿಸಿ ಬಿಸಿ ಚೀಪಾ! ಈಗಿನ್ನೂ ಒಲೆಯಿಂದ ತೆಗ್ದದ್ದು. ತಗಳವ್ವಾ, ಮಗೀಗೊಂದು ಕೊಡ್ಸು."

"ಬೇಡ, ಧನ್ಯವಾದಗಳು," ಎಂದಳು ನಿಮಿಯಾ ಸ್ಪ್ಯಾನಿಷ್‌ನಲ್ಲಿ.

"ಅಯ್ ನಮ್ಮವ್ವ! ಧನ್ಯವಾದ್ಗೋಳಂತೆ! ಉಗುರ್ ಸಂದೀಲಿ ಗೆಣಸಿನ್ ಮಣ್ಣು ಹಂಗೇ ಐತೆ, ಬಾಯಿ ಮಾತ್ರ ದೊರೆಸಾನೀದು!"

ಹಿಂದಿನ ಸೀಟಿನವರು ನಕ್ಕರು. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿ ನಕ್ಕ. ನಿಮಿಯಾ ಬೆರಳುಗಳನ್ನು ಮಡಚಿ ಚೀಲದ ಕೆಳಗೆ ಇಟ್ಟುಕೊಂಡಳು.

"ಏನಂದ್ರಮ್ಮ ಅವ್ರು?"

"ಚೀಪಾ ಚೆನ್ನಾಗಿದೆ ಅಂದ್ರು."

"ಮತ್ತೆ ಎಲ್ರೂ ಯಾಕೆ ನಕ್ರು?"

"ಸುಮ್ನೆ ಕೂತ್ಕೊ, ಬ್ಲೌಸು ಮುದುಡತ್ತೆ."

ಶಾಲೆಯಲ್ಲಿ ಈಗ ಗ್ವಾರಾನಿ ಒಂದು ಪಾಠ. ವಾರಕ್ಕೆ ಮೂರು ಗಂಟೆ. ಮಾರಿಸೆಲ್‌ಗೆ ಅದರಲ್ಲಿ ಐದಕ್ಕೆ ಎರಡು. ಬಣ್ಣಗಳ ಹೆಸರು, ಅಮ್ಮ, ಅಪ್ಪ, ಕೂತುಕೋ, ಸುಮ್ಮನಿರು; ಇಷ್ಟೇ ಅವಳಿಗೆ ಬರುವುದು. ಮಿಕ್ಕಿದ್ದೆಲ್ಲ ನಾಲಿಗೆಗೆ ಹೊರಳುವುದಿಲ್ಲ ಎಂದು ಟೀಚರು ಬರೆದು ಕಳಿಸಿದ್ದರು. ಆ ಚೀಟಿಯನ್ನು ಓದಿದ ದಿನ ನಿಮಿಯಾ ಹಿತ್ತಲಿಗೆ ಹೋಗಿ, ಅವ್ವನ ಕೋಳಿಗೂಡು ಇದ್ದ ಜಾಗದಲ್ಲಿ ನಿಂತು, ಅಳು ಬರಲಿ ಎಂದು ಕಾದಿದ್ದಳು. ಬರಲಿಲ್ಲ. ನಾಲಿಗೆಗೆ ಹೊರಳದು! ಎರಡೂವರೆ ವರ್ಷಕ್ಕೆ ಆ ನಾಲಿಗೆಯ ಮೇಲೆ ಎಂಬತ್ತೋ ತೊಂಬತ್ತೋ ಮಾತು ಕುಣಿಯುತ್ತಿದ್ದವು. ನೀರು ಬೇಕಾದರೆ, ನಾಯಿ ಬಂದರೆ, ಚಂದ್ರ ಕಂಡರೆ, ಇರುವೆ ಕಚ್ಚಿದರೆ. ಅವ್ವ ಜಗಲಿಯಲ್ಲಿ ಚೌಕಟ್ಟಿಗೆ ಬಟ್ಟೆ ಬಿಗಿದು ಜೇಡರಬಲೆಯಂಥ ನೂಲಿನ ಕಸೂತಿ ಹಾಕುತ್ತ ಕೂತರೆ, ಮಗು ಎದುರಿಗೆ ಕೂತು ಒಂದೊಂದು ವಿನ್ಯಾಸಕ್ಕೂ ಬೆರಳಿಟ್ಟು ಹೆಸರು ಹೇಳುತ್ತಿತ್ತು, ಪೇರಳೆ ಹೂವು, ಹುತ್ತ, ಚೇಳಿನ ಬಾಲ. ಎಲ್ಲ ಅವ್ವನ ಮಾತು, ಗ್ವಾರಾನಿ. ಅವ್ವನಿಗೆ ಬೇರೆ ಮಾತು ಇರಲಿಲ್ಲ. ಕಸೂತಿ ಮಾರುವಾಗ ಬೆಲೆ ಹೇಳುವಷ್ಟು ಸ್ಪ್ಯಾನಿಷ್, ಅದೂ ಬೆರಳು ಮಡಚಿ.

ಬಸ್ಸು ನಿಂತಿತು, ಹೊರಟಿತು. ಎಂಟು ವರ್ಷದ ಹಿಂದಿನ ಆ ದಿನವೂ ಇದೇ ಬಸ್ಸು. ಆರೋಗ್ಯ ಕೇಂದ್ರದ ಉದ್ದನೆಯ ಬೆಂಚು, ಮಡಿಲಲ್ಲಿ ಮಗು, ಹಿಂದೆ ಸಾಲಿನಲ್ಲಿ ಬೇರೆ ತಾಯಂದಿರು. ವಿಶ್ವವಿದ್ಯಾಲಯದವರು ಮಕ್ಕಳ ತೂಕ ನೋಡುತ್ತಾರೆ, ತೋಳಿನ ಸುತ್ತಳತೆ ತೆಗೆಯುತ್ತಾರೆ, ಆಡುವ ಮಾತು ಎಣಿಸುತ್ತಾರೆ, ಮಾತು ಹಿಂದುಳಿದ ಮಕ್ಕಳಿಗೆ ಹಾಡು, ಬೊಂಬೆಯಾಟ, ನಾಟಕ ಕಲಿಸಿ ಏನಾಗುತ್ತದೆಂದು ನೋಡುತ್ತಾರೆ ಎಂದಿದ್ದರು. ವಿದ್ಯಾರ್ಥಿನಿಯೊಬ್ಬಳು ಹಾಳೆ ಹಿಡಿದು ಕೂತಿದ್ದಳು. ಹಾಳೆಯಲ್ಲಿ ಎರಡು ಸಾಲು, ಒಂದು ಸ್ಪ್ಯಾನಿಷ್‌ಗೆ, ಒಂದು ಗ್ವಾರಾನಿಗೆ. ಅವರೇನೂ ಮೋಸ ಮಾಡಿರಲಿಲ್ಲ. ಎರಡಕ್ಕೂ ಜಾಗ ಬಿಟ್ಟಿದ್ದರು. "ಮನೇಲಿ ಯಾವ ಭಾಷೆ ಮಾತಾಡ್ತೀರಿ?" ಎಂದು ಹುಡುಗಿ ಕೇಳಿದಾಗ ನಿಮಿಯಾಗೆ ಏನಾಯಿತೋ. ಮಂಡಿಯ ಚರ್ಮ ಚುರುಗುಟ್ಟಿತು. ಏಳು ವರ್ಷದವಳಿದ್ದಾಗ ಅವಳು ಶಾಲೆಯ ವರಾಂಡದಲ್ಲಿ ಜೋಳದ ಕಾಳಿನ ಮೇಲೆ ಮಂಡಿಯೂರಿದ್ದಳು. ಬಾಯಾರಿಕೆ ಎಂದು ಅವ್ವನ ಮಾತಿನಲ್ಲಿ ಹೇಳಿದ್ದಕ್ಕೆ. ಸಂಜೆ ಅವ್ವ ಮಂಡಿಗೆ ಅಂಟಿದ್ದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಕೋಳಿಗೆ ಹಾಕಿದ್ದಳು. "ಸ್ಪ್ಯಾನಿಷ್," ಎಂದಳು ನಿಮಿಯಾ. "ಸ್ಪ್ಯಾನಿಷ್ ಮಾತ್ರಾನಾ?" "ಮಾತ್ರ." "ಅಜ್ಜಿ ಇದ್ದಾರೆ ಅಂದ್ರಲ್ಲ, ಅವರೂ?" "ಅವರೂ." ಹುಡುಗಿ ಎರಡನೆಯ ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಆಮೇಲೆ ಪಟ್ಟಿ ಓದತೊಡಗಿದಳು. ನೀರು ಅಂತಾಳಾ? ಇಲ್ಲ. ನಾಯಿ? ಇಲ್ಲ. ಚಂದ್ರ? ಇಲ್ಲ. ತನ್ನ ಮಗುವಿಗೆ ಬರುವ ಒಂದೊಂದು ಮಾತಿಗೂ ತಾನೇ ಇಲ್ಲ ಎನ್ನುತ್ತ ಹೋದಳು. ಮಡಿಲಲ್ಲಿ ಕೂತ ಮಗು ಅಪರಿಚಿತರನ್ನು ಕಂಡು ಬಾಯಿ ಮುಚ್ಚಿಕೊಂಡಿತ್ತು; ಅಷ್ಟರ ಮಟ್ಟಿಗೆ ಅದು ತಾಯಿಯ ಮರ್ಯಾದೆ ಉಳಿಸಿತು. ಕೊನೆಗೆ ಹದಿನೇಳು ಮಾತು. ಹುಡುಗಿ ಮರುಕದಿಂದ ನೋಡಿ, ಹೆದರಬೇಡಿ ಮಮ್ಮಿ, ನಾವಿದ್ದೀವಿ ಎಂದಳು. ಆಗಲಾದರೂ ಎದ್ದು ಸುಳ್ಳು ಹೇಳಿದೆ ಎನ್ನಬಹುದಿತ್ತು. ಹಿಂದಿನ ಸಾಲಿನ ಹೆಂಗಸು ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತ ಇವಳ ಚಪ್ಪಲಿಯನ್ನೇ ನೋಡುತ್ತಿದ್ದಳು.

ಅಂಗಿ ಬಂದದ್ದು ಆಮೇಲೆ. ನೀಲಿ ಬಣ್ಣದ ತೋಳಿಲ್ಲದ ಅಂಗಿ, ಎದೆಯ ಮೇಲೊಂದು ಜೇಬು, ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರ. ತಿಂಗಳಿಗೊಂದು ದಿನ ಮಗು ಬೆಳಿಗ್ಗೆಯಿಂದ ಮಲಗುವವರೆಗೆ ಅದನ್ನು ತೊಟ್ಟಿರಬೇಕು, ಮನೆಯಲ್ಲಿ ಯಾರು ಏನು ಮಾತಾಡಿದರೂ ಅದು ಕೇಳಿಸಿಕೊಳ್ಳುತ್ತದೆ. ಮೊದಲ ಸಲ ನಿಮಿಯಾ ಅವ್ವನನ್ನು ಪಕ್ಕಕ್ಕೆ ಕರೆದು, ಇವತ್ತೊಂದಿನ ನೀನು ಮಾತಾಡಬೇಡ ಎಂದಳು. ಅವ್ವ ನಕ್ಕಳು. "ಒಂದಿನ ಬಾಯ್ ಮುಚ್ಚಿದ್ರೆ ಏನು, ಹಲ್ಲಿಗೂ ಇಸ್ರಾಂತಿ ಸಿಗ್ತದೆ ಬಿಡು." ಆದರೆ ಮಗು ಬಿಡಬೇಕಲ್ಲ. ಅವ್ವ ಸುಮ್ಮನಿದ್ದರೆ ಅದೇ ಅವಳ ಲಂಗ ಜಗ್ಗಿ ಮಾತಾಡಿಸುತ್ತಿತ್ತು. ಜೇಬಿನೊಳಗೆ ಮಗುವಿನದೇ ಗ್ವಾರಾನಿ ಹೋಗಿಬಿಡುತ್ತದೆ. ಮೂರು ತಿಂಗಳು ಹೇಗೋ ಪುಣ್ಯಕ್ಕೆ ಯಾರೂ ಏನೂ ಕೇಳಲಿಲ್ಲ. ನಾಲ್ಕನೆಯ ತಿಂಗಳು ನಿಮಿಯಾ ಹೇಳಿದಳು, ಅವ್ವ, ಇನ್ನು ಮೇಲೆ ಅವಳ ಹತ್ತಿರ ಯಾವತ್ತೂ ಬೇಡ. ಅವಳ ಒಳ್ಳೆಯದಕ್ಕೇ. ಅವ್ವ ಆಗ ಕಸೂತಿಯ ಮೇಲೆ ಬಗ್ಗಿದ್ದಳು. ಸೂಜಿ ಬಟ್ಟೆಯ ಕೆಳಗೆ ಹೋಯಿತು, ತುಂಬ ಹೊತ್ತು ಮೇಲೆ ಬರಲಿಲ್ಲ. "ಯಾವತ್ತೂನಾ?" ಎಂದಳು. ಅಷ್ಟೇ.

ಅದನ್ನು ಅವ್ವ ಪಾಲಿಸಿದಳು. ಬೈದಿದ್ದರೆ, ಎದೆ ಬಡಿದುಕೊಂಡು ಅತ್ತಿದ್ದರೆ, ಊರಿಗೆ ಹೇಳಿಕೊಂಡು ಬಂದಿದ್ದರೆ ಎಷ್ಟು ಹಗುರವಾಗುತ್ತಿತ್ತು. ಅವ್ವ ಪಾಲಿಸಿದಳು. ಮಗುವಿನ ತಟ್ಟೆಯನ್ನು ಬೆರಳಿನಿಂದ ಮುಂದೆ ತಳ್ಳುವಳು. ಬೀಳ್ತೀಯ ಎಂದು ಕೂಗಬೇಕಾದ ಕಡೆ ಚಪ್ಪಾಳೆ ತಟ್ಟುವಳು. ಅಂಗಿ ಮನೆಯಲ್ಲಿ ಮೊಳೆಗೆ ತೂಗುತ್ತಿದ್ದರೂ ಅದರ ಕಡೆ ಕಣ್ಣು ಹಾಯಿಸಿ, "ಮನಗೈತಾ ಅದು?" ಎಂದು ನಿಮಿಯಾಳನ್ನು ಪಿಸುಗುಟ್ಟಿ ಕೇಳುವಳು. ಹಿತ್ತಲಿಗೆ ಹೋಗಿ ಕೋಳಿಗಳ ಜೊತೆ ಮಾತಾಡುವಳು, ಗಂಟೆಗಟ್ಟಲೆ. ಮಗು ಬಾಗಿಲ ಹಿಂದೆ ನಿಂತು ಕೇಳುತ್ತಿತ್ತು. ಒಮ್ಮೆ ಮಾರಿಸೆಲ್‌ಗೆ ಜ್ವರ ಬಂದು ಮೈ ಸುಡುತ್ತಿದ್ದ ಮಧ್ಯಾಹ್ನ, ಅವ್ವ ಹಾಸಿಗೆಯ ಪಕ್ಕದಲ್ಲಿ ಕೂತಿದ್ದನ್ನು ನಿಮಿಯಾ ನೋಡಿದಳು. ತುಟಿಗಳು ಬಿಡದೆ ಆಡುತ್ತಿದ್ದವು. ಹತ್ತಿರ ಹೋದರೆ ಸದ್ದಿಲ್ಲ. ಹಾಡೋ, ಪ್ರಾರ್ಥನೆಯೋ, ಬರೀ ತುಟಿ. ನೀರಿನೊಳಗೆ ಮುಳುಗಿದವರು ಮಾತಾಡಿದಂತೆ. ನಿಮಿಯಾ ಒದ್ದೆ ಬಟ್ಟೆ ಬದಲಿಸಿ ಹೊರಗೆ ಬಂದಳು. ಬೇರೆ ಮನೆಗಳಿಗೆ ಅಂಗಿ ಹೊತ್ತುಕೊಂಡು ಹೋಗಿ ತಾಯಂದಿರಿಗೆ ಬುದ್ಧಿ ಹೇಳುವ ಕೆಲಸ ಆಗಷ್ಟೇ ಸಿಕ್ಕಿತ್ತು ಅವಳಿಗೆ. ಮಾತಾಡಿ, ಮಗುವಿನ ಜೊತೆ ಮಾತಾಡಿ, ಮೌನ ಒಳ್ಳೇದಲ್ಲ ಎಂದು ಮನೆಮನೆಗೆ ಹೇಳಿ ಬರುತ್ತಿದ್ದಳು. ಚೆನ್ನಾಗಿ ಹೇಳುತ್ತಿದ್ದಳಂತೆ. ಡಾಕ್ಟರು ಮೆಚ್ಚಿಕೊಂಡಿದ್ದರು.

ಅವ್ವನ ಕೊನೆಯ ದಿನ ಆರು ವರ್ಷದ ಮಾರಿಸೆಲ್ ಮಂಚದ ಕಾಲ ಬಳಿ ನಿಂತಿದ್ದಳು. ಅವ್ವ ಅವಳನ್ನು ನೋಡಿದಳು. ಆಮೇಲೆ ನಿಮಿಯಾಳನ್ನು ನೋಡಿದಳು. ಅಪ್ಪಣೆ ಕೇಳುವವರ ನೋಟ ಅದು. ಅಂಗಡಿಯ ಬಾಗಿಲಲ್ಲಿ ಒಳಗೆ ಬರಲೇ ಎಂದು ನಿಲ್ಲುವವರದ್ದು. ಮಾತಾಡವ್ವ ಎನ್ನಲು ಎರಡು ಉಸಿರಿನಷ್ಟೂ ಹೊತ್ತು ಬೇಡ. ನಿಮಿಯಾ ಹೂಜಿಗೆ ನೀರು ತುಂಬಿಸಲು ಹೋದಳು.

"ಅಮ್ಮ, ಸ್ಟಾಪ್ ಬಂತು!"

ಇಳಿದರು. ವಿಶ್ವವಿದ್ಯಾಲಯದ ಸಭಾಂಗಣದ ಬಾಗಿಲಿಗೆ ಆಳೆತ್ತರದ ಚಿತ್ರ ಅಂಟಿಸಿದ್ದರು. ಬೊಂಬೆಯೊಂದನ್ನು ಕೈಗೆ ಹಾಕಿಕೊಂಡು ವೇದಿಕೆಯ ಮೇಲೆ ಬಾಯಿ ತೆರೆದು ನಿಂತ ಮಾರಿಸೆಲ್. ಕೆಳಗೆ ದಪ್ಪ ಅಕ್ಷರ: ಹದಿನೇಳು ಮಾತುಗಳಿಂದ ರಂಗದವರೆಗೆ. ಮಾರಿಸೆಲ್ ಓದಿದಳು, ತುಟಿ ಮುಂದೆ ಮಾಡಿ ಇನ್ನೊಮ್ಮೆ ಓದಿದಳು.

"ನಂಗೆ ಹದಿನೇಳೇ ಬರ್ತಿತ್ತಾ?"

"ಚಿಕ್ಕೋಳಿದ್ಯಲ್ಲ."

"ಪಕ್ಕದ್ಮನೆ ಪಾಪು ನನಗಿಂತ ಜಾಸ್ತಿ ಮಾತಾಡತ್ತೆ. ನಾನು ಪೆದ್ದಿ ಆಗಿದ್ನಾ?"

"ಛೆ, ಏನ್ ಮಾತು ಅಂತ ಆಡ್ತೀಯ."

ಡಾಕ್ಟರ್ ಪೆರ್ಲಾ ಕೈ ಬೀಸುತ್ತ ಬಂದರು. ಮಾರಿಸೆಲ್‌ಳ ಕೆನ್ನೆಗೆ ಎರಡು ಮುತ್ತು ಕೊಟ್ಟು, ನಿಮಿಯಾಳ ಭುಜ ಸವರಿದರು. "ಭಾಷಣ ತಂದಿದ್ದೀರಾ ಮಮ್ಮಿ? ನಾನು ಬರೆದುಕೊಟ್ಟಿದ್ದನ್ನೇ ಓದಿ ಸಾಕು. ಹೊಸದೇನೂ ಸೇರಿಸ್ಬೇಡಿ. ಮೊದಲು ಧ್ವನಿ ಕೋಣೆ ನೋಡೋಣ, ಬನ್ನಿ."

ಕೋಣೆಗೆ ಕಪ್ಪು ಪರದೆ ಹಾಕಿದ್ದರು. ಒಳಗೆ ಚಾವಣಿಯಿಂದ ನೀಲಿ ಅಂಗಿಗಳು ತೂಗುತ್ತಿದ್ದವು. ಹನ್ನೆರಡೋ ಹದಿಮೂರೋ, ಮಕ್ಕಳಿಲ್ಲದ ಅಂಗಿಗಳು. ಪ್ರತಿಯೊಂದರ ಜೇಬಿನಲ್ಲಿ ಸಣ್ಣ ಸ್ಪೀಕರ್. ಕಿವಿ ಇಟ್ಟರೆ ಆಯಾ ಮಗುವಿನ ಮನೆಯ ಒಂದು ಬೆಳಗು ಕೇಳುತ್ತದೆ ಎಂದು ಫಾವಿಯೊ ವಿವರಿಸಿದ. ಕೂದಲನ್ನು ಹಿಂದೆ ಕಟ್ಟಿಕೊಂಡ ಉತ್ಸಾಹದ ಹುಡುಗ. "ಇಷ್ಟು ವರ್ಷ ಇದು ನಮ್ಮನ್ನ ಕೇಳಿಸ್ಕೊಳ್ತಿತ್ತು, ಈಗ ನಾವು ಇದನ್ನ ಕೇಳಿಸ್ಕೊಳ್ಳೋದು. ಮಾರಿಸೆಲ್, ಇದು ನಿಂದು ಪುಟ್ಟಾ. ಎಣಿಕೆಗೆ ತಗೊಂಡೇ ಇರಲಿಲ್ಲ ಈ ತುಣುಕನ್ನ, ಪೆಟ್ಟಿಗೆ ತಳದಲ್ಲಿತ್ತು. ನನಗೆ ಸಿಕ್ಕಿದ್ದರಲ್ಲೆಲ್ಲ ಇದೇ ಚೆಂದ."

ಮಾರಿಸೆಲ್ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜೇಬಿಗೆ ಕಿವಿ ಇಟ್ಟಳು. ನಿಮಿಯಾ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕೇಳಿಸಿತು. ಮೊದಲು ಕೋಳಿಗಳ ಸದ್ದು. ಬಾಗಿಲು ಕಿರ್ರೆಂದಿದ್ದು, ಹಾಲಿನ ಪಾತ್ರೆ ಹಿಡಿದು ತಾನು ಹೊರಗೆ ಹೋದದ್ದು. ಆಮೇಲೆ ಅವ್ವ, ಗ್ವಾರಾನಿಯಲ್ಲಿ.

"ಓದ್ಲಾ ನಿಮ್ಮಮ್ಮ? ಓದ್ಲು. ಬಾ ನನ್ ಚಂದ್ರಾ, ಬಾ. ಏನ್ ಯೋಳ್ಬೇಕು ಅಂದ್ಯಲ್ಲ, ಯೋಳೀಗ."

"ಅಜ್ಜೀ, ಕೋಳಿ ಕಾಲಿಗ್ ಚಳಿ ಆಗಲ್ವಾ?" ಗುಬ್ಬಿಯಂಥ ಧ್ವನಿ. ತಡವರಿಕೆಯಿಲ್ಲ, ತೊದಲಿಲ್ಲ. "ಅದ್ಕೆ ಚಪ್ಲಿ ಇಲ್ವಾ? ನೀ ನೂಲಲ್ಲಿ ಮಾಡ್ಕೊಡು ಅದ್ಕೆ. ಪೇರ್ಳೆ ಹೂವು ಹಾಕಿ ಮಾಡ್ಕೊಡು."

ಅವ್ವ ನಗುತ್ತಾಳೆ, ಕೆಮ್ಮು ಬರುವವರೆಗೆ ನಗುತ್ತಾಳೆ. ನಿಮಿಯಾ ಆ ನಗುವನ್ನು ಮರೆತೇಬಿಟ್ಟಿದ್ದಳು.

"ಮಾಡ್ಕೊಡ್ತೀನಿ ಬಿಡು, ನಾಲ್ಕ್ ಕೋಳಿಗೂ ಮಾಡ್ಕೊಡ್ತೀನಿ. ಇನ್ನೇನೈತೆ ಯೋಳು. ಬೇಗ ಬೇಗ ಯೋಳು. ನಿಮ್ಮಮ್ಮ ಬಂದ್ಲು ಅಂದ್ರೆ ಸುಮ್ಕಿರ್ಬೇಕು. ಈಗ್ಲೇ ಎಲ್ಲಾ ಮಾತಾಡಿ ಮುಗ್ಸಾನ."

ಅಲ್ಲಿಗೆ ನಿಂತು, ಮತ್ತೆ ಮೊದಲಿನಿಂದ ಕೋಳಿಗಳ ಸದ್ದು ಶುರುವಾಯಿತು.

ಹಾಲಿಗೆ ಹೋಗಿ ಬರಲು ಎಷ್ಟು ಹೊತ್ತು? ಕಾಲು ಗಂಟೆ. ಅವ್ವ ಆ ಕಾಲು ಗಂಟೆಯನ್ನು ಕದ್ದಿದ್ದಳು, ತನ್ನ ಮನೆಯಲ್ಲೇ. ಎಷ್ಟು ಬೆಳಗು ಕದ್ದಳೋ, ಯಾವ ಬೆಳಗಿಗೆ ಮಗು ಉತ್ತರ ಕೊಡುವುದನ್ನು ಬಿಟ್ಟಿತೋ. ನಿಮಿಯಾ ಡಾಕ್ಟರ ಕಡೆ ನೋಡಿದಳು. ಡಾಕ್ಟರು ಈ ಊರಿನವರೇ, ಅವರಿಗೆ ಒಂದೊಂದು ಮಾತೂ ಅರ್ಥವಾಗುತ್ತದೆ. ಅವರ ಮುಖ ಮೊದಲು ಸಡಿಲಾಗಿ, ಆಮೇಲೆ ನಿಧಾನವಾಗಿ ಬಿಗಿದುಕೊಂಡಿತು. ಬಾಗಿಲ ಬಳಿಯ ಆಳೆತ್ತರದ ಚಿತ್ರವನ್ನು ಅವರು ಮನಸ್ಸಿನಲ್ಲೇ ಒಮ್ಮೆ ನೋಡಿ ಬಂದಂತಿತ್ತು.

"ಹಿಂದೆ ರೇಡಿಯೋ ಹಾಕಿದ್ರೇನೋ," ಎಂದರು ಮೆಲ್ಲಗೆ. "ರೇಡಿಯೋ ನಾಟಕ ಇರಬೇಕು. ಅಲ್ವಾ ಮಮ್ಮಿ?"

"ರೇಡಿಯೋ ಹೇಗಾಗತ್ತೆ ಡಾಕ್ಟ್ರೇ, ಮಗು ಉತ್ತರ ಕೊಡ್ತಿದೆಯಲ್ಲ," ಎಂದ ಫಾವಿಯೊ.

ಡಾಕ್ಟರು ಅವನ ಕಡೆ ತಿರುಗಲಿಲ್ಲ. ನಿಮಿಯಾಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಅದು ಇನ್ನೂ ಅಸಹ್ಯವೆನಿಸಿತು. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವರಿಬ್ಬರೂ ಸಮಸಮ ನಿಂತಿದ್ದರು. ಹೇಳಿಬಿಡಬಹುದು, ನನ್ನ ಅವ್ವ ಅದು, ಬ್ರಿಹಿದಾ ಅಂತ ಹೆಸರು, ನಾನು ಅವಳ ಬಾಯಿ ಮುಚ್ಚಿಸಿದೆ ಎಂದು. ಹೇಳಿದರೆ ಒಂದು ಚಿತ್ರ ಹರಿಯುತ್ತದೆ, ಒಂದು ಕೆಲಸ ಹೋಗುತ್ತದೆ. ಅಷ್ಟೇ ಆದರೆ ಹೇಳಿಬಿಡುತ್ತಿದ್ದಳೇನೋ. ಅಂಗಿಗೆ ಕೆನ್ನೆ ಒತ್ತಿ ನಿಂತ ಈ ಹುಡುಗಿ ಮಾತ್ರ ಇಲ್ಲದಿದ್ದರೆ.

"ಹೌದು," ಎಂದಳು ನಿಮಿಯಾ. "ರೇಡಿಯೋನೇ."

ಅವಳ ಧ್ವನಿ ಅವಳಿಗೇ ಸ್ಪಷ್ಟವಾಗಿ, ತಪ್ಪಿಲ್ಲದ ಸ್ಪ್ಯಾನಿಷ್‌ನಲ್ಲಿ ಕೇಳಿಸಿತು. ಡಾಕ್ಟರು ಉಸಿರು ಬಿಟ್ಟರು. ಹೊರಗೆ ಯಾರೋ ಮೈಕಿನಲ್ಲಿ ತಾಯಂದಿರೆಲ್ಲ ಮುಂದಿನ ಸಾಲಿಗೆ ಬರಬೇಕೆಂದು ಕೂಗುತ್ತಿದ್ದರು. ಮಾರಿಸೆಲ್ ಅಂಗಿಯನ್ನು ಬಿಡಲಿಲ್ಲ. ಅವಳ ಕಿವಿಯ ಬಳಿ ಅವ್ವ ಮತ್ತೊಮ್ಮೆ ನಕ್ಕು, ಕೆಮ್ಮಿ, ಬೇಗ ಬೇಗ ಹೇಳು ಎಂದಳು. ಅದು ಮುಗಿಯುವವರೆಗೂ ಕಾದು ಹುಡುಗಿ ತಲೆ ಎತ್ತಿದಳು.

"ಹಿತ್ತಲಲ್ಲಿ ಕೋಳಿ ಹತ್ರ ಮಾತಾಡ್ತಿದ್ದ ಧ್ವನಿ ಇದು. ಅಜ್ಜೀದು."

"ಮಾರಿಸೆಲ್, ಬಾ, ಕರೀತಿದಾರೆ."

"ಇದ್ರಲ್ಲಿ ಎರಡೇ ಮಾತು ನಂಗೆ ಗೊತ್ತಾಗಿದ್ದು. ಸ್ಕೂಲಲ್ಲಿ ಹೇಳ್ಕೊಟ್ಟಿದ್ದು. 'ಅಮ್ಮ' ಅಂದ್ರು. ಆಮೇಲೆ 'ಸುಮ್ಮನಿರು' ಅಂದ್ರು."

ನಿಮಿಯಾ ಕೈ ಚಾಚಿದಳು. ಹುಡುಗಿ ಕೈ ಹಿಡಿಯಲಿಲ್ಲ. ಕೂಗಲೂ ಇಲ್ಲ, ಬೊಂಬೆಯಾಟದಲ್ಲಿ ಕಲಿಸಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೋಣೆಯ ಕೊನೆಯವರೆಗೂ ಕೇಳುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಕೇಳಿದಳು:

"ಅಜ್ಜೀನ ಸುಮ್ಮನಿರಿಸಿದ್ದು ನೀನಾ ಅಮ್ಮ?"